ಸೆಂಡಾ ಟೀಚರ ಪರೀಕ್ಷೆ, ಇಸ್ಕೊನ ಬೀಸಣಿಗೆ

ಸೆಂಡಾ ಟೀಚರು ನಮ್ಮ ಮನೆಗೆ ಬಾಡಿಗೆಗೆ ಬಂದಾಗ ಅವಳ ಹತ್ತಿರ ಒಂದು ಟ್ರಂಕು, ಒಂದು ದಿಂಬು, ಒಂದು ಹಿಡಿ ಪೆನ್ಸಿಲ್ ಇದ್ದವು. ಟ್ರಂಕನ್ನು ಮೆಟ್ಟಿಲ ಮೇಲೆ ಧಡಾರನೆ ಕುಕ್ಕಿದಳು, ದಿಂಬನ್ನು ಬೀಳಿಸಿದಳು. ಪೆನ್ಸಿಲ್‌ಗಳನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ, ಕಾವಿಗಿಟ್ಟ ಮೊಟ್ಟೆ ತಂದವಳ ಹಾಗೆ ಎದೆಗೆ ಹಿಡಿದುಕೊಂಡಿದ್ದಳು. ನಮ್ಮ ಊರು ಹಾರೊದಲ್ಲಿ ಕೋಣೆ ಬಾಡಿಗೆಗೆ ಕೊಡುವವರಿಗೆ ಅಷ್ಟು ನೋಡಿದರೆ ಸಾಕು, ಬಂದವಳು ಸರ್ಕಾರದ ಲೈಸೆನ್ಸ್ ಪರೀಕ್ಷೆಗೆ ಕೂರುವವಳು ಎಂದು ಗೊತ್ತಾಗುತ್ತದೆ.

ನಾನು ಪಾಸಿಂಗ್, ಬೀದಿಯವರಿಗೆಲ್ಲ ಮನಾಂಗ್, ಅಂದರೆ ಅಕ್ಕ. ಓದಿದ್ದು ಎರಡನೇ ಕ್ಲಾಸು. ಆದರೆ ನನ್ನ ಗಂಡ ಆಂಬೊ ತೀರಿಕೊಂಡು ಮೇಲಿನ ಕೋಣೆಗಳನ್ನು ಬಾಡಿಗೆಗೆ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ನಡೆದಷ್ಟು ಪರೀಕ್ಷೆ ಯಾವ ಕಾಲೇಜಿನಲ್ಲೂ ನಡೆದಿರಲಾರದು. ನರ್ಸಾಗುವವರು, ಟೀಚರಾಗುವವರು, ಪೊಲೀಸಾಗುವವರು ಎಲ್ಲರೂ ಬೀದಿಯ ಕೊನೆಯ ಕೋಚಿಂಗ್ ಸೆಂಟರಿಗೆ ಹೋಗುವುದು, ಅಲ್ಲಿಂದ ಮಾದರಿ ಪ್ರಶ್ನೆಪತ್ರಿಕೆ ತಂದು ನನ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಬರೆಯುವುದು. ಒಂದು ಪ್ರಶ್ನೆ, ನಾಲ್ಕು ಉತ್ತರ, ನಾಲ್ಕು ಸಣ್ಣ ಗುಂಡು. ಸರಿಯಾದ ಗುಂಡನ್ನು ಪೆನ್ಸಿಲ್‌ನಿಂದ ತುಂಬಬೇಕು. ತಪ್ಪಾಯಿತು ಅನಿಸಿದರೆ ಅಳಿಸಬೇಕು. ನಮ್ಮ ಮೇಜಿನ ಮೇಲೆ ಮೀನಿನ ಮುಳ್ಳಿಗಿಂತ ರಬ್ಬರಿನ ಪುಡಿಯೇ ಜಾಸ್ತಿ. ಪಾಸಾದವರು ತಮ್ಮ ಪೆನ್ಸಿಲನ್ನು ಮುಂದೆ ಬರುವವರಿಗೆಂದು ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಟ್ಟುಹೋಗುವುದು ವಾಡಿಕೆ. ಫೇಲಾದವರು ಹೇಳದೆ ಕೇಳದೆ ಒಯ್ಯುತ್ತಾರೆ.

ಸೆಂಡಾ ಎರಡು ಸಲ ಒಯ್ದವಳು. ನಮ್ಮ ಮನೆಯಿಂದಲ್ಲ, ಬೇರೆ ಮನೆಗಳಿಂದ.

ನಲವತ್ತು ದಾಟಿದ ಹೆಂಗಸು. ಎತ್ತರದ ಆಳು, ತುಂಬು ಮೈ, ಗಂಟೆಯಂಥ ಗಂಟಲು. ಕಾನ್ವೆಂಟಿನ ಸಿಸ್ಟರುಗಳ ಶಿಶುವಿಹಾರದಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿ ಮಾಡಿ ಲೋಕವೆಲ್ಲ ಅವಳಿಗೆ ಶಿಶುವಿಹಾರವೇ ಆಗಿಹೋಗಿತ್ತು. ಊಟಕ್ಕೆ ಕೂತವರನ್ನೆಲ್ಲ ಕೈ ತೊಳೆದಿರಾ ಎಂದು ಕೇಳುವಳು. ಮೀನು ಮಾರಲು ಬಂದ ಬೇಬಾಂಗ್‌ಗೆ ಸಾಲಾಗಿ ನಿಲ್ಲು ಎಂದಳಂತೆ. ಬೇಬಾಂಗ್ ಒಬ್ಬಳೇ ಇದ್ದಳು. ಇಂಥ ಗಟ್ಟಿಗಿತ್ತಿ ಪರೀಕ್ಷೆಯ ಹಾಲ್‌ನಲ್ಲಿ ಕೂತರೆ ಮಾತ್ರ ಕೈ ರಬ್ಬರಿಗೇ ಹೋಗುವುದು. ಉತ್ತರ ಗೊತ್ತಿಲ್ಲ ಎಂದಲ್ಲ. ಗೊತ್ತಿರುವುದರ ಮೇಲೆ ನಂಬಿಕೆ ಇಲ್ಲ. ಒಂದು ಗುಂಡು ತುಂಬುವಳು, ಅಳಿಸುವಳು, ಪಕ್ಕದ್ದು ತುಂಬುವಳು, ಅದನ್ನೂ ಅಳಿಸಿ ಮೊದಲಿನದಕ್ಕೇ ಬರುವಳು. ಅಷ್ಟರಲ್ಲಿ ಕಾಗದ ತೂತಾಗಿರುತ್ತಿತ್ತು.

ಈ ಸಲ ಮೂರನೆಯದು, ಕೊನೆಯದೂ ಹೌದು. ಟೀಚರ್ ಲೈಸೆನ್ಸ್ ಇಲ್ಲದವರನ್ನು ಜೂನ್ ನಂತರ ಇಟ್ಟುಕೊಳ್ಳುವ ಹಾಗಿಲ್ಲ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ದೊಡ್ಡ ಸಿಸ್ಟರು ಕೈಹಿಡಿದುಕೊಂಡು ಹೇಳಿದ್ದರಂತೆ. ಕೈಹಿಡಿದು ಹೇಳಿದರೂ ಮಾತು ಮಾತೇ ತಾನೆ?

ಇದರ ಜೊತೆಗೆ ಇಸ್ಕೊ.

ಇಸ್ಕೊ ಗೆಲ್ಯಾಡ ನಮ್ಮ ಬೀದಿಯಲ್ಲಿ ಫ್ಯಾನು ರಿಪೇರಿ ಮಾಡುವವನು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಶಿಶುವಿಹಾರದ ಫ್ಯಾನು ಸರಿಮಾಡಲು ಹೋದವನು ಸೆಂಡಾಳನ್ನು ನೋಡಿದ. ಆಮೇಲೆ ಆ ಶಿಶುವಿಹಾರದ ಫ್ಯಾನುಗಳು ಪದೇಪದೇ ಕೆಡತೊಡಗಿದವು. ಸೆಂಡಾ ಒಲ್ಲೆ ಅನ್ನಲಿಲ್ಲ. ಆದರೆ ನನ್ನ ಕಾಗದಪತ್ರವೆಲ್ಲ ಅಪ್ಪನ ಹೆಸರಿನಲ್ಲಿದೆ, ಈಗ ಮದುವೆಯಾದರೆ ಎಲ್ಲ ಬದಲಾಯಿಸಬೇಕು, ಅದನ್ನು ಮಾಡುತ್ತ ಕೂತರೆ ಪರೀಕ್ಷೆ ತಪ್ಪುತ್ತದೆ, ಮೊದಲು ಲೈಸೆನ್ಸು, ಆಮೇಲೆ ಇಗರ್ಜಿ ಎಂದು ಕಡ್ಡಿ ಮುರಿದಂತೆ ಹೇಳಿದಳು. ಹೀಗೆ ಇಸ್ಕೊ ಯಾವ ಪರೀಕ್ಷೆಗೂ ಕೂರದೆಯೇ ಎರಡು ಸಲ ಫೇಲಾದ.

ಇಷ್ಟು ವರ್ಷವಾದರೂ ಅವನು ಅವಳನ್ನು ಮ್ಯಾಮ್ ಎಂದೇ ಕರೆಯುತ್ತಿದ್ದ. ಅವಳು ಅವನಿಗೂ ಕೈ ತೊಳೆದೆಯಾ ಎಂದು ಕೇಳುತ್ತಿದ್ದಳು. ಅವನು ತೋರಿಸುತ್ತಿದ್ದ, ಎರಡೂ ಕಡೆ.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ನಮ್ಮ ಮೇಜಿನ ಮೇಲೆ ಸೆಂಡಾಳ ಮಾದರಿ ಪರೀಕ್ಷೆ. ಮೇಲ್ವಿಚಾರಕ ಇಸ್ಕೊ. ಇದಕ್ಕೆಂದೇ ಬಿಳಿ ಷರಟು ಇಸ್ತ್ರಿ ಮಾಡಿಸಿ ಹಾಕಿಕೊಂಡು ಬರುತ್ತಿದ್ದ. ಕೋಚಿಂಗ್ ಸೆಂಟರಿನವರು ಕೊಟ್ಟ ನಿಯಮಗಳನ್ನು ನಿಂತುಕೊಂಡು ಗಟ್ಟಿಯಾಗಿ ಓದುತ್ತಿದ್ದ: ನಾಲ್ಕೂ ಉತ್ತರ ಓದಿದ ಮೇಲೆಯೇ ಗುಂಡು ತುಂಬತಕ್ಕದ್ದು, ಪಕ್ಕದವರ ಹಾಳೆ ನೋಡಕೂಡದು, ಪಕ್ಕದವರೊಡನೆ ಮಾತಾಡಕೂಡದು. ಪಕ್ಕದಲ್ಲಿ ಇದ್ದದ್ದು ನನ್ನ ಬೆಕ್ಕು. ಆಮೇಲೆ ಅವಳ ಎದುರಿಗೆ ಕೂತು, ಸರಿಯುತ್ತರಗಳ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳಿಗೆ ಗಾಳಿ ಹಾಕಲು ಶುರು ಮಾಡುತ್ತಿದ್ದ. ಊರಿನ ಫ್ಯಾನುಗಳನ್ನೆಲ್ಲ ತಿರುಗಿಸುವವನ ಕೈಯಲ್ಲಿ ತಾಳೆಗರಿಯ ಬೀಸಣಿಗೆ. ಕರೆಂಟಿನ ಫ್ಯಾನು ಹಾಕಿದರೆ ಕಾಗದ ಹಾರುತ್ತದಲ್ಲ, ಅದಕ್ಕೆ.

ಅವಳ ಅಂಕಗಳು ಏರತೊಡಗಿದವು. ಪಾಸಿಗೆ ಎಪ್ಪತ್ತೈದು ಬೇಕು. ಅವಳಿಗೆ ಎಂಬತ್ತು ಬಂತು, ಎಂಬತ್ತೈದು ಬಂತು, ತೊಂಬತ್ತೂ ಬಂತು. ಮೇಲಿನ ಕೋಣೆಯಲ್ಲಿ ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದ ಜೊವೆಲಿನ್ ಎಂಬ ಹುಡುಗಿ, ಮ್ಯಾಮ್, ನಿಮ್ಮ ಪೆನ್ಸಿಲ್ ಒಂದು ದಿನ ಸಾಲ ಕೊಡಿ ಎಂದು ಹಿಂದೆ ಬಿದ್ದಳು. ಸೆಂಡಾ ಎರಡು ಬಟ್ಟಲು ಅನ್ನ ಹೆಚ್ಚಿಗೆ ಉಣ್ಣತೊಡಗಿದಳು.

ಇಸ್ಕೊಗೆ ತಾಳ್ಮೆ ಕೆಟ್ಟಿತು. ಅವನು ಫ್ಯಾನು ರಿಪೇರಿ ಮಾಡಿಕೊಟ್ಟಿದ್ದ ಒಬ್ಬ ಫ್ಲೆಕ್ಸ್ ಅಂಗಡಿಯವನಿದ್ದ. ಅವನ ಹತ್ತಿರ ಹೋಗಿ, ಸೆಂಡಾ ಪಾಸಾದದ್ದಕ್ಕೆ ಅಭಿನಂದನೆಯ ಫ್ಲೆಕ್ಸನ್ನು ಮುಂಚೆಯೇ ಅಚ್ಚು ಹಾಕಿಸಿ, ಸುರುಳಿ ಸುತ್ತಿ ನನ್ನ ಅಡುಗೆಮನೆಗೆ ತಂದ. ಕೂಸು ಹುಟ್ಟುವ ಮೊದಲೇ ಕುಲಾವಿ. ಫಲಿತಾಂಶ ಬರುವ ಮೊದಲು ಅದನ್ನು ಯಾರಾದರೂ ಓದಿದರೆ ಮುಗಿಯಿತು, ಆ ಪಾಸು ಅಲ್ಲಿಗೇ ಖರ್ಚಾದ ಹಾಗೆ.

"ಬುದ್ಧಿ ಇದ್ಯೇನೋ ಇಸ್ಕೊ ನಿಂಗೆ?" ಎಂದೆ.

"ಇಲ್ಲ ಮನಾಂಗ್," ಎಂದ. "ಎಲ್ಲಾ ಅವ್ರ ಹತ್ರಾನೇ ಇದೆ."

ಇಂಥವನನ್ನು ಬೈದು ಏನು ಪ್ರಯೋಜನ? ಮಳೆಗಾಲ. ಕೋಳಿಗೂಡಿನ ಮೇಲೆ ನೀರು ಸೋರುತ್ತಿತ್ತು. ನಾನು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು, ಕೈಯಲ್ಲೇ ತಡವರಿಸಿ, ಅಕ್ಷರದ ಕಡೆ ಕೆಳಗೆ ಮಾಡಿ ಫ್ಲೆಕ್ಸನ್ನು ಗೂಡಿನ ಮೇಲೆ ಹೊದೆಸಿದೆ. ಓದಿದ್ದರೆ ಕೋಳಿಗಳು ಓದಿರಬೇಕು.

ಆ ವಾರವೇ ಕೋಚಿಂಗ್ ಸೆಂಟರಿನವರು ದೊಡ್ಡ ಮಾದರಿ ಪರೀಕ್ಷೆ ಇಟ್ಟರು. ದೊಡ್ಡ ಹಾಲ್, ಏಸಿಯ ಚಳಿ, ನಿಜವಾದ ಪರೀಕ್ಷೆಯ ಹಾಗೆಯೇ ಎಲ್ಲ. ಅಂಕಗಳನ್ನು ಗೋಡೆಗೆ ಅಂಟಿಸಿದರು. ಸೆಂಡಾ ಮನೆಗೆ ಬಂದು, ಚಪ್ಪಲಿ ಬಿಟ್ಟು, ಯಾರ ಕೈಯನ್ನೂ ವಿಚಾರಿಸದೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಬಂದದ್ದು ಅರವತ್ತೆರಡು.

ಮನೆಯಲ್ಲಿ ಸೂತಕ. ಏಸಿಯಿಂದ ತಲೆ ಹೆಪ್ಪುಗಟ್ಟಿರಬೇಕು ಎಂದಳು ಜೊವೆಲಿನ್. ಪ್ರಶ್ನೆಪತ್ರಿಕೆ ತೆಗೆದವನು ಹೆಂಡತಿಯ ಜೊತೆ ಜಗಳವಾಡಿರಬೇಕು ಎಂದ ಇಸ್ಕೊ. ನನಗೆ ಮಾತ್ರ ಕೋಳಿಗೂಡಿನ ಕಡೆ ನೋಡಲು ಧೈರ್ಯವಿರಲಿಲ್ಲ. ಇಗರ್ಜಿಗೆ ಹೋಗಿ, ಮೆಟ್ಟಿಲು ಹತ್ತಿ ಕಾಂದೆಲಾರಿಯಾ ಮಾತೆಯ ಪಾದದ ಹತ್ತಿರ ಮೇಣದಬತ್ತಿ ಹಚ್ಚಿ, ಓದದೇ ಇರುವುದನ್ನು ಓದಿದ್ದು ಎಂದು ಹಿಡಿಯಬೇಡ ತಾಯಿ ಎಂದು ಕೇಳಿಕೊಂಡು ಬಂದೆ.

ಮುಂದಿನ ಭಾನುವಾರ ಮನೆಯ ಪರೀಕ್ಷೆ. ಹೊಸ ಪತ್ರಿಕೆ. ನಾನು ಅದೇ ಮೇಜಿನ ತುದಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಓದು ಅಷ್ಟಾಗಿ ಬಾರದವರಿಗೆ ಒಂದು ಅನುಕೂಲವಿದೆ, ಕಾಗದ ನೋಡುವ ಬದಲು ಜನರನ್ನು ನೋಡುತ್ತೇವೆ. ಸೆಂಡಾಳ ಪೆನ್ಸಿಲ್ ಮೊದಲ ಗುಂಡಿನ ಮೇಲೆ ಹೋಯಿತು. ಬೀಸಣಿಗೆ ಬೀಸುತ್ತಿತ್ತು. ಎರಡನೆಯದಕ್ಕೆ ಹೋಯಿತು. ಬೀಸುತ್ತಿತ್ತು. ಮೂರನೆಯದಕ್ಕೆ ಹೋದದ್ದೇ ಬೀಸಣಿಗೆ ನಿಂತಿತು. ಇಸ್ಕೊ ಉಸಿರು ಬಿಗಿಹಿಡಿದಿದ್ದ. ಪೆನ್ಸಿಲ್ ಇಳಿಯಿತು, ಗುಂಡು ಕಪ್ಪಾಯಿತು, ಬೀಸಣಿಗೆ ನಿಟ್ಟುಸಿರು ಬಿಟ್ಟು ಮತ್ತೆ ಬೀಸಿತು.

ಒಂದು ಸಲ ಆದದ್ದು ಇರಬಹುದು ಎಂದುಕೊಂಡೆ. ಮುಂದಿನ ಪ್ರಶ್ನೆ. ಮತ್ತೆ ಅದೇ. ಅದರ ಮುಂದಿನದು. ಅದೇ. ನೋಡುತ್ತ ನೋಡುತ್ತ ನಾನು ಬೆಳ್ಳುಳ್ಳಿಯ ಎಸಳನ್ನು ಕಸದ ಬುಟ್ಟಿಗೆಸೆದು ಸಿಪ್ಪೆಯನ್ನು ಬಟ್ಟಲಿಗೆ ಹಾಕುತ್ತಿದ್ದೆ.

ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅವನ ಕಣ್ಣು ಅವಳ ಪೆನ್ಸಿಲ್ ಮೇಲೆ, ಅವಳ ಕಣ್ಣು ಕಾಗದದ ಮೇಲೆ. ಆದರೆ ಹಣೆಯ ಮೇಲಿನ ಕೂದಲಿಗೆ ಗಾಳಿ ನಿಂತದ್ದು ಗೊತ್ತಾಗುವುದಿಲ್ಲವೇ?

ಒಲೆಗೆ ಬೀಸಬೇಕು ಎಂದು ಬೀಸಣಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡೆ. ಆಗ ಅವನ ಕಾಲು ಶುರುವಾಯಿತು. ಚಪ್ಪಲಿ ಪಟಪಟ, ಪಟಪಟ, ಸರಿಯುತ್ತರ ಬಂದಾಗ ಗಪ್‌ಚಿಪ್. ಕೋಳಿಗಳಿಗೆ ಅಕ್ಕಿನುಚ್ಚು ಹಾಕಿ ಬಾ ಎಂದು ಹೊರಗೆ ಕಳಿಸಿದೆ. ಈಗ ಸೆಂಡಾಳ ಪೆನ್ಸಿಲ್ ಮೊದಲನೆಯದಕ್ಕೆ ಹೋಗುತ್ತದೆ, ನಾಲ್ಕನೆಯದಕ್ಕೆ ಹೋಗುತ್ತದೆ, ಎಲ್ಲೂ ಇಳಿಯುವುದಿಲ್ಲ. ರಬ್ಬರಿಗೆ ಕೈ ಹೋಯಿತು. ತಲೆ ಎತ್ತಿದಳು.

"ಇಸ್ಕೊ ಎಲ್ಲಿ?"

"ಕೋಳಿ ಹತ್ರ."

"ಕರೀರಿ ಮನಾಂಗ್. ಅವ್ನು ಎದುರಿಗಿಲ್ದಿದ್ರೆ ತಲೇನೇ ಓಡಲ್ಲ."

ಮೆಟ್ಟಿಲ ಮೇಲೆ ಕೂತಿದ್ದ ಜೊವೆಲಿನ್ ಇದನ್ನು ಪ್ರೀತಿ ಎಂದು ತಿಳಿದು, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕಿಸಕ್ಕೆಂದಳು. ನನಗೂ ನಗು ತಡೆಯಲಿಲ್ಲ. ಆದರೆ ಜೂನ್ ಕಣ್ಣೆದುರಿಗೆ ಬಂದು ನಿಂತಿತು. ಇಂದೈ, ತಂಗೀ, ನಿನ್ನ ತಲೆ ಓಡುತ್ತಿಲ್ಲ, ಅವನ ಬೀಸಣಿಗೆ ಓಡುತ್ತಿದೆ ಎಂದು ಕಂಡದ್ದನ್ನೆಲ್ಲ ಹೇಳಿದೆ.

ಸೆಂಡಾ ಒಪ್ಪಲಿಲ್ಲ. ಇಸ್ಕೊನನ್ನು ಒಳಗೆ ಕರೆದು, ಕೂರಿಸಿ, ಬೀಸಣಿಗೆ ಕೊಟ್ಟು, ಗಾಳಿ ಹಾಕು ಎಂದಳು. ಒಂದು ಪ್ರಶ್ನೆ ತೆಗೆದುಕೊಂಡು, ಈ ಸಲ ಕಾಗದ ನೋಡದೆ ಅವನನ್ನೇ ನೋಡುತ್ತ, ಪೆನ್ಸಿಲನ್ನು ಒಂದೊಂದು ಗುಂಡಿನ ಮೇಲೂ ನಿಧಾನವಾಗಿ ಹಾಯಿಸಿದಳು. ಬೀಸಣಿಗೆ ನಾಲ್ಕನೆಯದರ ಮೇಲೆ ನಿಂತಿತು. ಇನ್ನೊಂದು ಪ್ರಶ್ನೆ. ಎರಡನೆಯದರ ಮೇಲೆ ನಿಂತಿತು. ಅವಳು ಪೆನ್ಸಿಲ್ ಕೆಳಗಿಟ್ಟಳು.

"ನಾನೇನೂ ಹೇಳ್ಲಿಲ್ವಲ್ಲ ಮ್ಯಾಮ್," ಎಂದ ಇಸ್ಕೊ. ಅವನ ಮುಖ ನೋಡಬೇಕಿತ್ತು, ಮೀನು ತಿಂದಾದ ಮೇಲೆ ತಿಂದದ್ದು ತಾನೇ ಎಂದು ಬೆಕ್ಕಿಗೆ ತಿಳಿದ ಹಾಗಿತ್ತು.

"ಆ ತೊಂಬತ್ತು ಯಾರ್ದು ಇಸ್ಕೊ?"

"ನಿಮ್ದೇ ಮ್ಯಾಮ್."

"ಹಂಗಾದ್ರೆ ಅರವತ್ತೆರಡು ಯಾರ್ದು?"

ಅವನು ತೊಡೆಯ ಮೇಲಿನ ಸರಿಯುತ್ತರಗಳ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ.

ಸೆಂಡಾ ಅದನ್ನು ನೋಡದೆ ಬೋರಲು ಹಾಕಿದಳು. ಆಮೇಲೆ ಸಿಟ್ಟಿನಿಂದಲ್ಲ, ಯಾರದೋ ಕಥೆ ಹೇಳುವವಳ ಹಾಗೆ ಹೇಳಿದಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಎರಡು ಚೆಂಡು ತೋರಿಸಿ ದೊಡ್ಡದು ಯಾವುದು ಎಂದು ಕೇಳಿದರೆ ಅವು ಚೆಂಡು ನೋಡುವುದಿಲ್ಲ, ಟೀಚರ ಹುಬ್ಬು ನೋಡುತ್ತವೆ. ಅದಕ್ಕೇ ಅವಳು ಯಾವಾಗಲೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಪ್ರಶ್ನೆ ಕೇಳುವುದು.

"ಮಕ್ಳಿಗೆ ಮುಖ ಮುಚ್ಕೊಂಡು ಕೇಳ್ತೀನಿ ಮನಾಂಗ್," ಎಂದಳು. "ನಾನು ಮಾತ್ರ ಇನ್ನೊಬ್ರ ಮುಖ ಹುಡುಕ್ಕೊಂಡು ಕೂತಿದೀನಿ."

ಅಂದಿನಿಂದ ಇಸ್ಕೊಗೆ ಪರೀಕ್ಷೆಯ ಮೇಜಿನಿಂದ ಗಡಿಪಾರು. ಸೆಂಡಾ ಮೇಜನ್ನು ಗೋಡೆಗೆ ತಿರುಗಿಸಿ ಕೂತಳು. ಆ ಗೋಡೆಯ ಮೇಲೆ ಆಂಬೊ ಇದ್ದಾಗಿನಿಂದಲೂ ಬಾಲಯೇಸುವಿನ ಪಟವಿತ್ತು. ಸ್ವಲ್ಪ ಹೊತ್ತಿಗೆ, ಮನಾಂಗ್, ಇವನ ತುಟಿ ಅಲ್ಲಾಡಿದ ಹಾಗೆ ಕಾಣುತ್ತೆ, ತೆಗೀರಿ ಎಂದಳು. ತಪ್ಪಾಯಿತು ಕಂದಾ, ನೀನೂ ಉತ್ತರ ಹೇಳಿಕೊಡುತ್ತೀಯಂತೆ ಎಂದು ಪಟ ತೆಗೆದು ನನ್ನ ಕೋಣೆಯಲ್ಲಿಟ್ಟೆ. ರಬ್ಬರನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು, ನಾನು ಅತ್ತರೂ ಕೊಡಬೇಡಿ ಎಂದಳು.

ಆ ಭಾನುವಾರ ಐವತ್ತೆಂಟು ಬಂತು. ಅಳಲಿಲ್ಲ, ಆದರೆ ನನ್ನ ಕರವಸ್ತ್ರದ ಗಂಟನ್ನೇ ನೋಡುತ್ತಿದ್ದಳು, ಒಳಗೆ ರಬ್ಬರಿತ್ತು. ಮುಂದಿನ ಭಾನುವಾರ ಅರವತ್ತರ ಮೇಲೆ ಹೋಯಿತು. ಆಮೇಲೆ ಒಂದು ವಾರ ಮೇಲೆ, ಒಂದು ವಾರ ಕೆಳಗೆ, ಬಾವಿಯಿಂದ ಮೇಲೆ ಬರುವ ಆಮೆಯ ಹಾಗೆ. ಎಪ್ಪತ್ತೈದರ ಅಂಚು ಮುಟ್ಟಿದ ದಿನ ಅವಳು ಕುಣಿಯಲಿಲ್ಲ, ಫ್ಲೆಕ್ಸೂ ಅಚ್ಚಾಗಲಿಲ್ಲ. ಮೇಜು ಒರೆಸಿ, ತಟ್ಟೆ ಹಾಕಿದಳು.

ಇಸ್ಕೊ ನಮ್ಮ ಗೇಟಿನ ಹೊರಗೆ ಸ್ಟೂಲು ಹಾಕಿಕೊಂಡು, ಮನೆಗೆ ಬೆನ್ನು ಮಾಡಿ ಫ್ಯಾನುಗಳನ್ನು ಬಿಚ್ಚುತ್ತ ಕೂರುತ್ತಿದ್ದ. ಲಪಾಜ್ ಸಂತೆಯಿಂದ ಶಾವಿಗೆಯ ಬಿಸಿ ಬಾಚೊಯ್ ಸಾರು ತಂದು ಜೊವೆಲಿನ್ ಕೈಯಲ್ಲಿ ಒಳಗೆ ಕಳಿಸುತ್ತಿದ್ದ. ಬಟ್ಟಲು ವಾಪಸು ಬಂದಾಗ ಕತ್ತು ತಿರುಗಿಸದೆಯೇ ಕೇಳುತ್ತಿದ್ದ.

"ಏನಾದ್ರೂ ಉಳಿದಿದ್ಯಾ?"

"ಇಲ್ಲ ಇಸ್ಕೊ ಅಣ್ಣಾ. ಸಾರೂ ಇಲ್ಲ, ಶಾವಿಗೇನೂ ಇಲ್ಲ."

"ಮಾತೇನಾದ್ರೂ?"

"ಉಪ್ಪು ಕಮ್ಮಿ ಅಂದ್ರು."

ಅಷ್ಟಕ್ಕೇ ಅವನು ಸಿಳ್ಳೆ ಹಾಕುತ್ತ ಸ್ಕ್ರೂ ತಿರುಗಿಸುತ್ತಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳಿಗೆ ಅಂಟಕ್ಕಿಯ ಇಬೊಸ್ ಕಡುಬನ್ನು ಎಲೆಯಲ್ಲಿ ಕಟ್ಟಿ ಬೇಯಿಸಿಕೊಟ್ಟೆ. ಅದನ್ನು ತಿಂದರೆ ಓದಿದ್ದು ಅಂಟಿಕೊಳ್ಳುತ್ತದೆ. ಮನೆ ಗುಡಿಸಲಿಲ್ಲ, ಗುಡಿಸಿದರೆ ಓದಿದ್ದೂ ಕಸದ ಜೊತೆ ಹೋಗುತ್ತದೆ. ಇಸ್ಕೊ ಬಿಳಿ ಷರಟು ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಕರೆದುಕೊಂಡು ಹೋಗಲಾ ಎಂದು ಬಾಯಿ ತೆರೆದು ಕೇಳುವ ಧೈರ್ಯವಿರಲಿಲ್ಲ. ಸೆಂಡಾ ಅವನನ್ನು ನೋಡಿದಳು.

"ಬರೋದಾದ್ರೆ ಬಾ. ನಿನ್ನ ಮುಖ ಮಾತ್ರ ಕಾಣ್ಬಾರ್ದು."

ಅವನು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದ. ಹಾಗೆಯೇ ಬೀದಿಯುದ್ದಕ್ಕೂ ಅವಳ ಹಿಂದೆ ನಡೆದ. ಕರೆಂಟು ಕಂಬಕ್ಕೆ ಡಿಕ್ಕಿ ಹೊಡೆದು ಕಂಬಕ್ಕೆ ಸಾರಿ ಎಂದ. ಜೀಪ್ನಿ ಗಾಡಿ ಹತ್ತುವಾಗ ಇನ್ಯಾರದೋ ತೊಡೆಯ ಮೇಲೆ ಕೂತ. ಬೇಬಾಂಗ್ ಮೀನಿನ ಬುಟ್ಟಿ ಇಳಿಸಿ ನನ್ನನ್ನು ಕೇಳಿದಳು, ಇಸ್ಕೊಗೆ ಕಣ್ಣುಬೇನೆಯಾ ಎಂದು. ಹೌದು, ಬಹಳ ವರ್ಷದಿಂದ ಎಂದೆ.

ಸಂಜೆ ಇಬ್ಬರೂ ಹಾಗೆಯೇ ವಾಪಸು ಬಂದರು, ಮುಂದೆ ಸೆಂಡಾ, ಹಿಂದೆ ಬೀಸಣಿಗೆ. ಹೇಗಾಯಿತು ಎಂದು ಕೇಳಿದೆ. ಅವಳು ಚೀಲದಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆ ದಿನ ಬೆಳಿಗ್ಗೆ ಇರಲಿ ಎಂದು ನಾನೇ ಬಿಚ್ಚಿಕೊಟ್ಟ ಹೊಸ ರಬ್ಬರು. ನಾಲ್ಕು ಮೂಲೆಯೂ ಚೂಪಾಗಿ ಹಾಗೇ ಇದ್ದವು.

ಫಲಿತಾಂಶಕ್ಕೆ ಕಾದದ್ದು ಬಹಳ ದಿನ. ಕೋಳಿಗೂಡಿನ ಹತ್ತಿರ ಹೋಗುವಾಗ ನಾನು ಈಗಲೂ ಕಣ್ಣು ತಿರುಗಿಸಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಜೊವೆಲಿನ್ ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು, ಬಂದಳೋ ಬಿದ್ದಳೋ ಗೊತ್ತಾಗಲಿಲ್ಲ. ಪಾಸಾದವರ ಪಟ್ಟಿ ಬಂದಿತ್ತು. ಫಮಾತಿದ್, ರೊಸೆಂಡಾ, ನಮ್ಮ ಸೆಂಡಾಳ ಪೂರ್ತಿ ಹೆಸರು. ಮೂರು ಸಲ ಓದಿಸಿದೆ.

ಸೆಂಡಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಯಾವೂರಿನ ರೊಸೆಂಡಾ ಅಂತ ಹಾಕಿದಾರಾ?" ಎಂದಳು. ನೋಡಿ, ಹುಟ್ಟುಗುಣ ಒಂದೇ ಪರೀಕ್ಷೆಗೆ ಹೋಗುವುದಿಲ್ಲ.

ನಾನು ನೇರ ಹಿತ್ತಲಿಗೆ ಓಡಿದೆ. ಕೋಳಿಗಳನ್ನು ಓಡಿಸಿ, ಫ್ಲೆಕ್ಸ್ ಎಳೆದು, ಹಿಕ್ಕೆ ತೊಳೆದು, ಜೊವೆಲಿನ್ ಜೊತೆ ಸೇರಿ ಗೇಟಿಗೆ ಕಟ್ಟಿದೆ. ಕಟ್ಟಿದ ಮೇಲೆ ಬೀದಿಗೆ ಬಂದು ನಿಂತು, ಮೊದಲ ಸಲ ಅದನ್ನು ಓದಿದೆ. ನನ್ನ ಓದು ನಿಧಾನ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೋಗಬೇಕು. ಅಭಿನಂದನೆಗಳು ಎಂದಿತ್ತು. ಲೈಸೆನ್ಸ್ ಪಡೆದ ಟೀಚರ್ ಎಂದಿತ್ತು. ನಡುವೆ ದಪ್ಪ ಅಕ್ಷರದಲ್ಲಿ ರೊಸೆಂಡಾ ಫಮಾತಿದ್ ಗೆಲ್ಯಾಡ ಎಂದಿತ್ತು. ಇಸ್ಕೊನ ಮನೆಹೆಸರು ಗೆಲ್ಯಾಡಕ್ಕೆ ಬರುವಷ್ಟರಲ್ಲಿ ನನಗಿಂತ ಬೇಗ ಓದುವವರೆಲ್ಲ ಓದಿ ಮುಗಿಸಿದ್ದರು.

ಬೇಬಾಂಗ್ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು. "ಮದ್ವೆ ಯಾವಾಗಾಯ್ತು ಮನಾಂಗ್ ಪಾಸಿಂಗ್? ನಮ್ಮನ್ನ ಬಿಟ್ಟು ಮದ್ವೆ ಊಟಕ್ಕೆ ಹಂದಿ ಸುಟ್ಟಿದ್ದು ಯಾರ್ಯಾರು?"

ಆಗಲೇ ಇಸ್ಕೊ ತಿರುವಿನಲ್ಲಿ ಬಂದ. ಕೈಯಲ್ಲಿ ಬಾಚೊಯ್. ಫ್ಲೆಕ್ಸ್ ಕಂಡದ್ದೇ, ಬಂದ ದಾರಿಗೆ ತಿರುಗಿದ. ಆದರೆ ಸೆಂಡಾ ಹೊರಗೆ ಬಂದಾಗಿತ್ತು. ಮೇಲಿನಿಂದ ಕೆಳಗಿನವರೆಗೆ ಓದಿದಳು. ಕೋಳಿ ಕುಕ್ಕಿದ ತೂತುಗಳನ್ನೂ ನೋಡಿದಳು.

"ಇಸ್ಕೊ, ಒಳಗೆ ಬಾ. ಕೈ ತೊಳ್ಕೊಂಡು ಕೂತ್ಕೊ."

ಈ ಸಲ ಅವಳು ಮೇಲ್ವಿಚಾರಕರ ಜಾಗದಲ್ಲಿ ಕೂತಳು, ಅವನನ್ನು ತನ್ನ ಹಳೆಯ ಜಾಗದಲ್ಲಿ ಕೂರಿಸಿದಳು. ಬೀಸಣಿಗೆಯನ್ನು ಅವನ ಕೈಗೆ ಕೊಟ್ಟು, ಸೆಕೆಯಾಗುತ್ತಿದೆ, ಗಾಳಿ ಹಾಕಿಕೊ ಎಂದಳು. ಒಂದು ಪುಸ್ತಕವನ್ನು ತನ್ನ ಮುಖಕ್ಕೆ ಅಡ್ಡ ಹಿಡಿದಳು. ನಾವೆಲ್ಲ ಕಿಟಕಿಯ ಹತ್ತಿರ ಇದ್ದೆವು, ಬೇಬಾಂಗ್ ಸಹಿತ.

"ಪ್ರಶ್ನೆ ಒಂದೇ," ಎಂದಳು ಪುಸ್ತಕದ ಹಿಂದಿನಿಂದ. "ಆ ಫ್ಲೆಕ್ಸಿನಲ್ಲಿರೋ ಹೆಸ್ರು ಯಾವಾಗಿಂದ ನಿಜ ಆಗ್ಬೇಕು? ಎ, ಲೈಸೆನ್ಸ್ ಕೈಗೆ ಬಂದ ಮುಂದಿನ ತಿಂಗಳು."

ಬೀಸಣಿಗೆ ನಿಂತಿತು.

"ಬಿ, ಕ್ರಿಸ್‌ಮಸ್. ಸಿ, ಮುಂದಿನ ವರ್ಷ. ಡಿ, ಮೇಲಿನ ಯಾವ್ದೂ ಅಲ್ಲ." ಬೀಸಣಿಗೆ ಅಲುಗಾಡಲಿಲ್ಲ. ಅವಳು ಪುಸ್ತಕದ ಮೇಲಿನಿಂದ ಇಣುಕಿದಳು. "ನಾಲ್ಕೂ ಓದೋ ಮೊದ್ಲೇ ನಿಲ್ಲಿಸಿದೀಯ. ನಿಯಮ ನೀನೇ ಓದಿ ಹೇಳ್ತಿದ್ದೆ ಅಲ್ವಾ?"

"ಈಗ ನಾಲ್ಕೂ ಕೇಳಾಯ್ತಲ್ಲ ಮ್ಯಾಮ್," ಎಂದ ಇಸ್ಕೊ. "ತುಂಬ್ಲಾ?"

ಸೆಂಡಾ ತನ್ನ ಪೆನ್ಸಿಲನ್ನು ಮೇಜಿನ ಮೇಲೆ ಅವನ ಕಡೆಗೆ ಉರುಳಿಸಿದಳು.

"ಯೋಚ್ನೆ ಮಾಡಿ ತುಂಬು. ರಬ್ಬರ್ ಕೊಡಲ್ಲ."